ಒಂದು ಗೇಣು ಕೆಂಪು ಉಣ್ಣೆ

ನಾನು ಒಂದು ಗೇಣುದ್ದದ ಕೆಂಪು ಉಣ್ಣೆ ದಾರ. ಕುರಿಯ ಮೈಮೇಲೆ ಹುಟ್ಟಿದ್ದು ನೆನಪಿಲ್ಲ. ಬಣ್ಣದ ಬಿಸಿನೀರು ನೆನಪಿದೆ. ಅಂಗಡಿಯಲ್ಲಿ ಉಂಡೆಯೊಳಗಿದ್ದ ನನ್ನನ್ನು ಶಾಲ್ಮಲಾ ಕೊಂಡು ತಂದಳು. ಅವಳ ಗಂಡ ನಿರಂಜನ ಹೆಲಿಕಾಪ್ಟರ್ ಪೈಲಟ್. ಧಾರವಾಡದವರು, ಕೆಲಸಕ್ಕಾಗಿ ಜಕ್ಕೂರಿನ ವಿಮಾನದಾಣದ ಬಳಿ ಬಾಡಿಗೆ ಮನೆಯಲ್ಲಿದ್ದರು. ಸಿನಿಮಾದವರಿಗಾಗಿ ಬಾಗಿಲು ಕಳಚಿ ಹಾರಿಸುವಾಗ ಅವನಿಗೆ ಚಳಿಯಾಗುತ್ತದೆಂದು ಅವಳು ಸ್ವೆಟರ್ ಹೆಣೆಯುತ್ತಿದ್ದಳು.

ಒಂದು ಸಂಜೆ ಅವನು ಉಂಡೆಗೆ ಕೈಹಾಕಿದ.

“ಒಂದು ಗೇಣು ಅಷ್ಟ ಕೊಡು. ಹೆಲಿಕಾಪ್ಟರ್ ಗಾಜಿನ ಮ್ಯಾಲಿನ ಹಳೇ ದಾರ ಬಿಸಲಿಗೆ ಲಡ್ಡಾಗೇದ, ಹರೀಲಿಕ್ಕೆ ಬಂದದ.”

“ಕಡೀಕ ಕುತ್ತಿಗಿಗೆ ಉಣ್ಣಿ ಸಾಲಲಿಲ್ಲಂದ್ರ ನನ್ನ ಕೇಳಬ್ಯಾಡ್ರಿ ಮತ್ತ.”

“ಇದು ನೆಟ್ಟಗಿದ್ರ ನಾ ನೆಟ್ಟಗ ಮನಿಗೆ ಬರ್ತೀನಿ. ಕುತ್ತಿಗಿ ತಗೊಂಡು ಏನು ಮಾಡ್ತಿ?”

ಅವಳು ಹಲ್ಲಿನಿಂದ ಕಡಿದು ಕೊಟ್ಟಳು.

ಎಂಜಿನಿಯರ್ ಫ್ರಾನ್ಸಿಸ್ ನನ್ನ ಒಂದು ತುದಿಯನ್ನು ಹೆಲಿಕಾಪ್ಟರಿನ ಮುಂದಿನ ಗಾಜಿಗೆ, ಹೊರಗಡೆ, ನಟ್ಟನಡುವೆ ಅಂಟಿಸಿದ. ಹೆಲಿಕಾಪ್ಟರ್ ನೇರ ಹೋದರೆ ನಾನು ನೇರ. ಗಾಳಿ ಓರೆಯಾಗಿ ಬಡಿದರೆ ಪಕ್ಕಕ್ಕೆ ವಾಲುತ್ತೇನೆ. ಆಗ ನಿರಂಜನ ಕಾಲಿನಿಂದ ಪೆಡಲ್ ಒತ್ತಿ ನನ್ನನ್ನು ನಡುವಿಗೆ ತರುತ್ತಿದ್ದ. ಅಷ್ಟೆಲ್ಲ ಮಾಪಕಗಳ ಮುಳ್ಳುಗಳು, ದೀಪಗಳು ಅವನ ಎದುರಿಗಿದ್ದವು. ಆದರೂ ಅವನು ನನ್ನನ್ನು ನೋಡುತ್ತಿದ್ದ.

ಪೈಲಟ್ ಎಂದರೆ ಹಾರುವವನು ಎಂದುಕೊಂಡಿದ್ದೆ. ಅವನು ಹೆಚ್ಚಾಗಿ ಕಾಯುವವನು. ಮದುವೆಯ ಮೇಲೆ ಹೂ ಸುರಿಸಿ ಗದ್ದೆಯಲ್ಲಿಳಿದು ಕಾಯುತ್ತಿದ್ದ. ಚುನಾವಣೆ ಬಂದರೆ ಶಾಲೆಯ ಮೈದಾನದಲ್ಲಿ, ನಾಯಕರ ಭಾಷಣ ಮುಗಿಯುವವರೆಗೆ, ತಣ್ಣಗಾದ ಉಪ್ಪಿಟ್ಟು ಒಬ್ಬನೇ ತಿನ್ನುತ್ತಿದ್ದ. ಎಲ್ಲಿ ಇಳಿದರೂ ಮೊದಲು ನನ್ನ ಪಕ್ಕಕ್ಕೆ ಬಂದು ನಿಂತು ಮನೆಗೆ ಫೋನ್ ಮಾಡುತ್ತಿದ್ದ. “ದಾರ ನೆಟ್ಟಗಿತ್ತು,” ಎನ್ನುತ್ತಿದ್ದ. ಅಷ್ಟೇ ಮಾತು.

ಒಮ್ಮೆ ನಮ್ಮ ಹೆಲಿಕಾಪ್ಟರನ್ನು ತಪಾಸಣೆಗೆ ಬಿಚ್ಚಿಟ್ಟರು. ಅವನಿಗೆ ಬೇರೊಂದು ಕೊಟ್ಟರು. ಅದರ ಗಾಜಿನ ಮೇಲೆ ದಾರವಿರಲಿಲ್ಲ.

“ಸಾರ್, ಇದನ್ನೇ ಕಿತ್ತು ಅಂಟಿಸ್ಲಾ?” ಎಂದ ಫ್ರಾನ್ಸಿಸ್.

“ಬ್ಯಾಡ, ಹೋಗೋ ಮಂದಿ ಆಗಲೇ ಬಂದು ಕೂತಾರ. ಸಂಜೀಕ ಬಂದಮ್ಯಾಲ ಹಚ್ಚೂಣು.”

ಹೋಗುವಾಗ ಗಾಜಿನ ಮೇಲಿನ ನನ್ನನ್ನು ಒಮ್ಮೆ ಬೆರಳಿನಿಂದ ನೇರ ಮಾಡಿದ.

ಸಂಜೆಗೆ ಅವನು ಬರಲಿಲ್ಲ. ಘಟ್ಟದ ಮೋಡದೊಳಗೆ ಒಂದು ಬೆಟ್ಟವಿತ್ತಂತೆ. ಬೆಟ್ಟವನ್ನು ದಾರ ತೋರಿಸಲಾರದು. ನಾನಿದ್ದರೂ ಅಷ್ಟೇ ಆಗುತ್ತಿತ್ತು. ಅದು ಗೊತ್ತಿದ್ದೂ, ಗಾಳಿಯಿಲ್ಲದ ಹೆಲಿಕಾಪ್ಟರ್ ಶೆಡ್ಡಿನಲ್ಲಿ ನಾನು ಎಷ್ಟೋ ದಿನ ನೇತಾಡಿಕೊಂಡಿದ್ದೆ. ಯಾರೂ ನನ್ನತ್ತ ನೋಡಲಿಲ್ಲ.

ಕೊನೆಗೆ ಫ್ರಾನ್ಸಿಸ್ ನನ್ನನ್ನು ಕಿತ್ತು, ಕಾಗದದಲ್ಲಿ ಸುತ್ತಿ, ಅವಳಿಗೆ ತಂದುಕೊಟ್ಟ.

“ಮೇಡಂ, ಸಾರ್‌ದು.”

ಅವಳು ಬಿಚ್ಚಿ ನೋಡಿದಳು.

“ಅವತ್ತು ಇದು ಅವರ ಜೋಡಿ ಇರಲಿಲ್ಲೇನ್ರಿ?”

“ಇಲ್ಲ ಮೇಡಂ.”

“ಹಂಗಾರ ಕುತ್ತಿಗಿಗೆ ಸಾಲತದ ಬಿಡ್ರಿ,” ಎಂದಳು. ಫ್ರಾನ್ಸಿಸ್ ಕಾಫಿ ಅರ್ಧಕ್ಕೇ ಬಿಟ್ಟು ಎದ್ದ.

ಸ್ವೆಟರ್ ಕುತ್ತಿಗೆಯಿಲ್ಲದೆ, ಕಡ್ಡಿ ಚುಚ್ಚಿಕೊಂಡೇ ಬುಟ್ಟಿಯಲ್ಲಿದೆ. ನನ್ನನ್ನು ಅವಳು ಕಿಟಕಿಯ ಸರಳಿಗೆ ಕಟ್ಟಿದ್ದಾಳೆ. ನನ್ನ ಬಣ್ಣ ಮಾಸಿದೆ, ತುದಿ ಬಿಚ್ಚಿಕೊಂಡಿದೆ. ಜಕ್ಕೂರಿನಿಂದ ಹೆಲಿಕಾಪ್ಟರ್ ಎದ್ದರೆ ಅವಳು ತಲೆ ಎತ್ತುವುದಿಲ್ಲ. ಗಾಳಿಗೆ ನಾನು ವಾಲಿದರೆ ಮಾತ್ರ ಎದ್ದು ಬರುತ್ತಾಳೆ. ಅವನು ಕಾಲಿನಿಂದ ಮಾಡುತ್ತಿದ್ದ ಕೆಲಸವನ್ನು ಬೆರಳಿನಿಂದ ಮಾಡಿ, ನಾನು ನೆಟ್ಟಗೆ ನಿಲ್ಲುವವರೆಗೆ ಹಿಡಿದುಕೊಂಡಿರುತ್ತಾಳೆ.

ಬಿಟ್ಟರೆ ಮತ್ತೆ ವಾಲುತ್ತೇನೆ. ನನಗೆ ಬರುವುದು ಅದೊಂದೇ.