ಎರಡು ಕಿಲೊ ಎಂಟುನೂರು ಗ್ರಾಂ

ಇಂಗಳೇಶ್ವರದ ಇತಿಹಾಸವನ್ನು ಯಾರಾದರೂ ಬರೆಯುವುದಾದರೆ, ದಾನೇಶ್ವರಿಯ ಮೈಮೇಲಿದ್ದ ಎರಡು ಕಿಲೊ ಎಂಟುನೂರು ಗ್ರಾಮಿಗೆ ಒಂದು ಅಧ್ಯಾಯ ಮೀಸಲಿಡಲೇಬೇಕು. ನೌಕಾಪಡೆಯ ಗಸ್ತು ವಿಮಾನದ ಅಧಿಕಾರಿ ಹುದ್ದೆಗೆ ನಡೆದ ಸಂದರ್ಶನದಲ್ಲಿ ಅವಳು ಪಾಸಾಗಿದ್ದಳು. ವೈದ್ಯರು ಮಾತ್ರ ಅಷ್ಟು ತೂಕ ಹೆಚ್ಚೆಂದು ಬರೆದು, ಇಳಿಸಿಕೊಂಡು ಬರಲು ನಲವತ್ತೆರಡು ದಿನ ಕೊಟ್ಟಿದ್ದರು. ಇಳಿಯದಿದ್ದರೆ ಹುದ್ದೆ ಇಲ್ಲ.

ಇದರಲ್ಲಿ ಮೊದಲ ಅರ್ಧವನ್ನಷ್ಟೇ ಅಪ್ಪ ಗುರಪ್ಪ ಊರಿಗೆಲ್ಲ ಹೇಳಿದ್ದ. ಉಳಿದರ್ಧ ಮನೆಯ ಮರ್ಯಾದೆಯ ಪ್ರಶ್ನೆ. ಹೀಗಾಗಿ ದಿನಕ್ಕೆ ನಾಲ್ಕು ಮನೆಯವರು ಅವಳ ಬಾಯಿ ಸಿಹಿ ಮಾಡಲು ಬರತೊಡಗಿದರು. ನಸುಕಿನಲ್ಲಿ ಓಡಿ ಕರಗಿಸಿದ್ದನ್ನು ಹತ್ತು ಗಂಟೆಯ ಶೇಂಗಾ ಹೋಳಿಗೆ ಮರಳಿಸುತ್ತಿತ್ತು.

ಇಪ್ಪತ್ತನೆಯ ದಿನ ಅವಳು ಬಾಗೇವಾಡಿಯಲ್ಲಿ ತೊಗರಿ ವ್ಯಾಪಾರಿ ಕಾಸಿಂಸಾಬನ ತೂಕದ ಕಾಟಾ ಹತ್ತಿ ನಿಂತಳು. ಗುಟ್ಟು ಗೊತ್ತಿದ್ದ ಹೊರಗಿನವನು ಅವನೊಬ್ಬನೇ.

“ಮತ್ತ ಮುನ್ನೂರು ಗ್ರಾಂ ಏರೈತಲ್ಲವ್ವ,” ಎಂದ ಕಾಸಿಂಸಾಬ. “ನಿಮ್ಮಪ್ಪನ ತೊಗರಿ ಒಂದಿನಾನೂ ಹಿಂಗ ತುಂಬಿ ತೂಗಿಲ್ಲ ನೋಡು.”

ಮನೆಗೆ ಬಂದರೆ ಪಡಸಾಲೆಯಲ್ಲಿ ಗುರಪ್ಪನೆದುರು ನೆರೆಮನೆಯ ಸೈದಾಬಿ ಮಾಲ್ದಿ ಉಂಡೆಯ ಡಬ್ಬಿ ಹಿಡಿದು ಕೂತಿದ್ದಳು.

“ತಗೋ ಯವ್ವಾ. ಅಲ್ಲಾ, ಇಮಾನದಾಗ ಕುಂತು ಏನ್ ಮಾಡಾಕಿ ನೀ?”

“ಎಂಟು ತಾಸು ಸಮುದ್ರದ ಮ್ಯಾಲ ಹಾರೋದ್ರಿ ಅತ್ತಿ. ಯಾವ ಹಡಗ ಎಲ್ಲಿಂದ ಬಂತು, ಎಲ್ಲಿಗೆ ಹೊಂಟೈತಿ ಅಂತ ನೋಡೋದು, ಬರಕೊಳ್ಳೋದು, ತಿಳಸೋದು.”

“ಅಷ್ಟs? ದಿನಾ ಕಟ್ಟಿ ಮ್ಯಾಲ ಕುಂತು ನಾನೂ ಅದನ್ನ ಮಾಡ್ತೇನಲ್ಲ! ತಿನ್ನು.”

ತಿನ್ನು ಎಂದು ಗುರಪ್ಪ ಕಣ್ಣಿನಲ್ಲೇ ಹೇಳಿದ. ದಾನೇಶ್ವರಿ ಕೈಗಿತ್ತ ಉಂಡೆಯನ್ನು ಡಬ್ಬಿಗೆ ಮರಳಿ ಹಾಕಿದಳು.

“ತಿಂದ್ರ ನೌಕರಿ ಹೋಗತೈತ್ರಿ. ತೂಕ ಜಾಸ್ತಿ ಆಗೈತಿ ಅಂತ ಹೊಳ್ಳಿ ಕಳಸ್ಯಾರ. ಇನ್ನ ಇಪ್ಪತ್ತೆರಡs ದಿನ ಉಳದಾವ.”

ಗುರಪ್ಪ ಗೋಡೆಯ ಕ್ಯಾಲೆಂಡರು ಓದತೊಡಗಿದ.

“ಗುರಪ್ಪಣ್ಣಾ!” ಎಂದಳು ಸೈದಾಬಿ, ಡಬ್ಬಿ ಮುಚ್ಚುತ್ತ. “ಇದನ್ನ ಮುಚ್ಚಿಟ್ಟು, ಬಕ್ರೀದಕ್ಕ ಹೋತ ಮೇಸಿದಂಗ ಹುಡುಗೀನ ಮೇಸಾಕತ್ತಿಯಲ್ಲ!”

ಸಂಜೆಯೊಳಗೆ ಊರಿಗೆಲ್ಲ ತಿಳಿಯಿತು. ಆಮೇಲೆ ಅವಳಿಗೆ ಯಾರೂ ಒಂದು ಚೂರು ಬೆಲ್ಲವನ್ನೂ ಕೊಡಲಿಲ್ಲ. ಬಾಗೇವಾಡಿಯಲ್ಲಿ ಒಮ್ಮೆ ಮಿರ್ಚಿ ಭಜಿಯ ಗಾಡಿಯ ಮುಂದೆ ನಿಂತ ಸುದ್ದಿ ಅವಳಿಗಿಂತ ಮೊದಲೇ ಮನೆ ಮುಟ್ಟಿತ್ತು, ಎಷ್ಟು ಹೊತ್ತು ನಿಂತಳು, ಯಾವ ಕಡೆ ಹೋದಳು ಎಂಬ ವಿವರ ಸಮೇತ. ಇಷ್ಟು ಕಟ್ಟುನಿಟ್ಟಿನ ಗಸ್ತು ನೌಕಾಪಡೆಯಲ್ಲೂ ಇರುವುದು ಅನುಮಾನವೆಂದು ಅವಳಿಗನ್ನಿಸಿತು.

ನಲವತ್ತೆರಡನೆಯ ದಿನ ಸೇನಾ ಆಸ್ಪತ್ರೆಯಲ್ಲಿ ಮತ್ತೆ ತೂಕ ನೋಡಿದರು. ಮಿತಿಗಿಂತ ಇನ್ನೂರು ಗ್ರಾಂ ಕಡಿಮೆ ಇತ್ತು. ದಾನೇಶ್ವರಿ ಆಯ್ಕೆಯಾದಳು.