ಮೂರು ಸೆಕೆಂಡಿನ ದೀಪ

ಕೀಲಿ ಅರ್ಧ ತಿರುಗಿಸಿ ಅವಳು ಎಣಿಸಿದಳು. ಒಂದು, ಎರಡು, ಮೂರು. ಎಬಿಎಸ್ ಎಂದು ಬರೆದ ಹಳದಿ ದೀಪ, ಚಕ್ರ ಜಾರದಂತೆ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುವ ವ್ಯವಸ್ಥೆಯದು, ಇಷ್ಟು ಹೊತ್ತಿಗೆ ಆರಬೇಕಿತ್ತು. ಆರಲಿಲ್ಲ. ಎಂಜಿನ್ ಶುರುವಾದ ಮೇಲೆ ಬ್ಯಾಟರಿಯ ಕೆಂಪು ದೀಪದ ಜೊತೆಗೇ ಆರಿತು. ಮತ್ತೊಮ್ಮೆ ನೋಡಿದಳು. ಎರಡೂ ಒಟ್ಟಿಗೆ ಹತ್ತಿದವು, ಒಟ್ಟಿಗೆ ಆರಿದವು.

"ಏನಾದ್ರೂ ಕಾಣ್ತಾ ಅಮ್ಮಾ?" ಕಾರಿನ ಮಾಲೀಕರು, ಕನ್ನಡಕದಂಗಡಿಯವರು, ಗ್ಯಾರೇಜಿನ ಬಾಗಿಲ ಪಕ್ಕದ ಸ್ಟೂಲಿನಿಂದ ಕೇಳಿದರು. "ಕಾರಲ್ಲಿ ಏನೂ ಇರಲ್ಲ ಬಿಡಿ. ಬ್ರೇಕ್ ಸರಿಯಿದೆ ಅಂತ ಒಂದು ಚೀಟಿ ಬರೆದುಕೊಟ್ರೆ ಸಾಕು. ತಗೊಳ್ಳೋನು ಕೇಳ್ತಿದಾನೆ."

ಕಾರಿನ ಮುಂಭಾಗ ಹೊಸದಾಗಿತ್ತು. ಬೇರೆ ಕಡೆ ತಗಡು ಬಡಿಸಿ, ಬಣ್ಣ ಹೊಡೆಸಿ, ಬೇರೆಯವರ ಕೈಲಿ ಓಡಿಸಿಕೊಂಡು ತಂದಿದ್ದರು. ಮೂರು ತಿಂಗಳ ಹಿಂದೆ, ಒದ್ದೆ ರಸ್ತೆಯಲ್ಲಿ, ಈ ಕಾರು ಜಾರಿ, ನಿಂತಿದ್ದ ಲಾರಿಗೆ ಹೊಡೆದಿತ್ತು. ಪಕ್ಕದ ಸೀಟಿನಲ್ಲಿದ್ದ ಅವರ ಹೆಂಡತಿ ಉಳಿಯಲಿಲ್ಲ.

"ಬ್ರೇಕ್ ಒತ್ತಿದಾಗ ಪೆಡಲ್ ಕಾಲಿಗೆ ನಡುಗಿತಾ?"

"ಇಲ್ಲ. ಕಲ್ಲಿನ ಹಾಗಿತ್ತು. ಒತ್ತೇ ಹಿಡಿದಿದ್ದೆ, ಕಾರು ಜಾರ್ತಾನೇ ಹೋಯ್ತು. ಆದ್ರೆ ಯಾರು ನಂಬ್ತಾರೆ? ಊರಿಗೆಲ್ಲ ಕನ್ನಡಕ ಹಾಕಿದ ಅಪ್ಪನಿಗೆ ಮುಂದಿದ್ದ ಲಾರಿ ಕಾಣಲಿಲ್ಲ ಅಂತಾಳೆ ಮಗಳು. ಮೊದಮೊದಲು ಬೈತಿದ್ಲು, ಈಗ ಅದೂ ಇಲ್ಲ. ತಟ್ಟೆ ಮುಂದಿಟ್ಟು ಹೋಗ್ತಾಳೆ." ಅವರು ಮೊಣಕಾಲು ಸವರಿಕೊಂಡರು. "ಕಾಲು ನಿಧಾನ ಆಗಿರಬೇಕು ನನ್ನದು."

ಅವಳು ದೋಷ ಹುಡುಕುವ ಸ್ಕ್ಯಾನರಿನ ತಂತಿಯನ್ನು ಸ್ಟೇರಿಂಗಿನ ಕೆಳಗೆ ಸಿಕ್ಕಿಸಿದಳು. ಬಲ ಹಿಂದಿನ ಚಕ್ರದ ವೇಗ ಬರುತ್ತಿಲ್ಲ ಎಂದಿತು ಪರದೆ. ಗೋಡೆಗೆ ಆನಿಸಿದ ಕುರ್ಚಿಯಲ್ಲಿ ಕೂತಿದ್ದ ಮಾವ ನಕ್ಕರು. "ಡಬ್ಬಿ ಹೇಳಿತು ಅಂತ ನಂಬ್ಕೋಬೇಡ. ಕೈಯಲ್ಲಿ ನೋಡು." ಮೂವತ್ತು ವರ್ಷ ಅವರೇ ನಡೆಸಿದ ಗ್ಯಾರೇಜು. ಆಮೇಲೆ ಮಗ. ಎಂಟು ತಿಂಗಳ ಹಿಂದೆ ಊಟಕ್ಕೆ ಕೈ ತೊಳೆಯಲು ಹೋದವನು ನಲ್ಲಿಯ ಹತ್ತಿರವೇ ಕುಸಿದ. ಈಗ ಅವಳು. ನಾಲ್ಕು ವರ್ಷ ಗಂಡನ ಪಕ್ಕದಲ್ಲಿ ಟಾರ್ಚು ಹಿಡಿದು ಕಲಿತದ್ದು.

ಚಕ್ರ ಬಿಚ್ಚಿ ಮೀಟರಿನ ಎರಡು ಮುಳ್ಳನ್ನು ವೇಗ ಅಳೆಯುವ ಸೆನ್ಸರಿಗೆ ಮುಟ್ಟಿಸಿದಳು. ಜೀವವಿರಲಿಲ್ಲ. ಅಪಘಾತದಲ್ಲಿ ಕೆಟ್ಟದ್ದಲ್ಲ, ತುಕ್ಕು ಒಳಗಿನಿಂದ ಉಬ್ಬಿ ಅದನ್ನು ಒಡೆದಿತ್ತು. ಹಳೆಯ ಗಾಯ. ಅದೊಂದು ಸತ್ತರೆ ಎಬಿಎಸ್ ಪೂರ್ತಿ ನಿಲ್ಲುತ್ತದೆ. ಹಾಗಿದ್ದರೆ ದೀಪ ಉರಿಯುತ್ತಲೇ ಇರಬೇಕಿತ್ತು.

ಡ್ಯಾಶ್‌ಬೋರ್ಡು ಬಿಚ್ಚಿದಳು. ಎಬಿಎಸ್ ದೀಪದ ತಂತಿಯನ್ನು ಕತ್ತರಿಸಿ ಬ್ಯಾಟರಿ ದೀಪದ ತಂತಿಗೆ ಸೇರಿಸಲಾಗಿತ್ತು. ಮೇಲೆ ಕಪ್ಪು ಟೇಪು. ಟೇಪಿನ ಮೇಲೆ ಮೂರು ಸುತ್ತು ಬಿಳಿ ದಾರ.

ಅವಳು ಟಾರ್ಚು ಆರಿಸಿದಳು. ಸ್ವಲ್ಪ ಹೊತ್ತು ಬಿಟ್ಟು ಹೊತ್ತಿಸಿದಳು. ದಾರ ಅಲ್ಲೇ ಇತ್ತು.

ಖಾಯಂ ಕೆಲಸಕ್ಕೆ ಬರೀ ಟೇಪು. ಮುಂದೆ ಬಿಚ್ಚಬೇಕಾದ್ದಕ್ಕೆ ಬಿಳಿ ದಾರ. ಈ ಗ್ಯಾರೇಜು ಬಿಟ್ಟು ಬೇರೆಲ್ಲೂ ಆ ರೂಢಿ ಇರಲಿಲ್ಲ. ಪುಸ್ತಕದಲ್ಲಿ ಬರೆದಿಡು ಎಂದು ಅವಳು ಗಂಡನಿಗೆ ಎಷ್ಟೋ ಸಲ ಹೇಳಿದ್ದಳು. ದಾರ ಇದೆಯಲ್ಲ ಮಾರಾಯ್ತಿ, ಅನ್ನುತ್ತಿದ್ದ.

"ಈ ದೀಪ ಮೊದಲು ಯಾವಾಗಲಾದ್ರೂ ಉರೀತಿತ್ತಾ?" ತಲೆ ಹೊರಗೆ ಹಾಕದೆ ಕೇಳಿದಳು.

"ಹೋದ ವರ್ಷ. ನನ್ನವಳಿಗೆ ಭಯ, ದೀಪ ಉರಿಯೋ ಕಾರಲ್ಲಿ ಕೂರಲ್ಲ ಅಂತ ಹಟ. ನಿಮ್ಮ ಯಜಮಾನರ ಹತ್ರ ತಂದೆ. ಆರಿಸಿಕೊಟ್ರು. ಒಂದು ಸಾಮಾನು ಬರಬೇಕು, ಬಂದಾಗ ಫೋನ್ ಮಾಡ್ತೀನಿ, ಅಲ್ಲೀವರೆಗೆ ನಿಧಾನ ಓಡಿಸಿ ಅಂದ್ರು. ಆಮೇಲೆ ಅವರಿಗೆ ಹೀಗಾಯ್ತು ಅಂತ ಕೇಳಿದೆ." ಅವರು ದನಿ ಇಳಿಸಿದರು. "ಇಂಥ ಹೊತ್ತಲ್ಲಿ ಸಾಮಾನು ಬಂತಾ ಅಂತ ಕೇಳೋದು ಹೇಗೆ? ದೀಪ ಹೇಗೂ ಆರಿತ್ತಲ್ಲ. ಸುಮ್ಮನಾದೆ."

ಅವಳು ಕೆಳಗಿಳಿದು ಒಳಗಿನ ಕೋಣೆಗೆ ಹೋದಳು. ಗಂಡನ ಮೇಜಿನ ಕೆಳಗಿನ ಡ್ರಾಯರು. ಅವನು ಹೋದ ಮೂರನೆಯ ವಾರ ಕೊರಿಯರಿನವನು ಬಂದಿದ್ದ. ತೋರಿಸಿದ ಕಡೆ ಸಹಿ ಹಾಕಿ, ಅಂಗೈಯಗಲದ ಪೆಟ್ಟಿಗೆಯನ್ನು ಇದರೊಳಗೆ ನೂಕಿದ್ದಳು. ಅವನ ಹೆಸರಿಗೆ ಬಂದದ್ದನ್ನು ಒಡೆಯುವುದು ಆಗ ಆಗಲಿಲ್ಲ. ಆಮೇಲೆ ಡ್ರಾಯರನ್ನೇ ಎಳೆಯಲಿಲ್ಲ.

ಪೆಟ್ಟಿಗೆಯ ಬದಿಗೆ ಅಂಟಿಸಿದ ಚೀಟಿಯಲ್ಲಿ ಅಚ್ಚಾಗಿತ್ತು: ಸೆನ್ಸರ್, ಹಿಂದಿನ ಚಕ್ರ, ಬಲ.

ಮಾವ ಬಾಗಿಲಲ್ಲಿ ನಿಂತಿದ್ದರು. ಕಾರಿನೊಳಗೆ ಇಣುಕಿ ಬಂದಿದ್ದರು ಅಂತ ಮುಖವೇ ಹೇಳುತ್ತಿತ್ತು.

"ಹೊಸದು ಹಾಕಿಬಿಡು. ತಂತಿ ಸರಿಮಾಡು. ಚೀಟಿ ಬರೆದುಕೊಡು. ಇವತ್ತಿಗೆ ಬ್ರೇಕ್ ಸರಿಯಿದೆ ಅನ್ನೋದು ಸುಳ್ಳೇನಲ್ಲ."

"ಮಗಳು ಅವರ ಜೊತೆ ಮಾತು ಬಿಟ್ಟಿದಾಳೆ ಮಾವ."

"ಮಾತು ಇವತ್ತಲ್ಲ ನಾಳೆ ಆಡ್ತಾಳೆ." ಅವರು ಚೌಕಟ್ಟು ಹಿಡಿದುಕೊಂಡರು. "ನಮ್ಮ ಹತ್ರ ಅವನ ಹೆಸರೊಂದೇ ಉಳಿದಿರೋದು. ಅದನ್ನೂ ಕೊಟ್ಟುಬಿಡ್ತೀಯಾ?"

"ಪೆಟ್ಟಿಗೇನ ಡ್ರಾಯರಲ್ಲಿ ಇಟ್ಟಿದ್ದು ನಾನು."

ಮಾವ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಕುರ್ಚಿಗೆ ಮಾತ್ರ ವಾಪಸು ಹೋಗಲಿಲ್ಲ.

ದಾರದ ಗಂಟು ಸುಲಭವಾಗಿ ಬಿಚ್ಚಿಕೊಂಡಿತು. ಬಿಚ್ಚುವುದಕ್ಕೆಂದೇ ಹಾಕಿದ ಗಂಟು. ದೀಪದ ತಂತಿಯನ್ನು ಅದರ ಜಾಗಕ್ಕೆ ಸೇರಿಸಿ, ಪೆಟ್ಟಿಗೆ ಹಿಡಿದು ಪಕ್ಕದ ಸೀಟಿನಲ್ಲಿ ಕೂತಳು. ನಂತರ ಅದು ಯಾರ ಸೀಟು ಎಂದು ನೆನಪಾಯಿತು. ಏಳಲಿಲ್ಲ.

"ಇಲ್ಲಿ ಬಂದು ಕೂತ್ಕೊಳ್ಳಿ," ಅಂದಳು.

ಅವರು ಸ್ಟೇರಿಂಗಿನ ಮುಂದೆ ಕೂತರು. ಮೂರು ತಿಂಗಳಿಂದ ಕೂತಿರಲಿಲ್ಲವೇನೋ, ಕೈ ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡರು. ಅವಳು ಹೇಳಿದಳು. ಸೆನ್ಸರು, ತಂತಿ, ದಾರ, ಡ್ರಾಯರು. ಗಂಡನದು ಎಷ್ಟೋ ಅಷ್ಟು, ತನ್ನದು ಎಷ್ಟೋ ಅಷ್ಟು. "ನಿಮ್ಮ ಕಾಲು ಒತ್ತಿತ್ತು. ಒತ್ತಿದ್ದಕ್ಕೇ, ಎಬಿಎಸ್ ಇಲ್ಲದೆ, ಚಕ್ರ ಹಿಡ್ಕೊಂಡು ಕಾರು ಜಾರಿತು. ಇದನ್ನು ಬರೆದುಕೊಡ್ತೀನಿ. ಮಗಳಿಗೆ ತೋರಿಸಿ."

ಅವರು ಕಾಗದ ಬೇಕು ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

"ಹಚ್ಚಿ ನೋಡಲಾ?" ಎಂದರು ಕೊನೆಗೆ.

ಕೀಲಿ ಅರ್ಧ ತಿರುಗಿಸಿದರು. ಎಲ್ಲ ದೀಪಗಳೂ ಹತ್ತಿದವು. ಎಂಜಿನ್ ಶುರುಮಾಡಿದರು. ಒಂದೊಂದಾಗಿ ಆರಿದವು. ಹಳದಿಯದು ಉಳಿಯಿತು.

"ಹೀಗೇ ಉರೀತಿದ್ದಿದ್ರೆ," ಎಂದರು ಅವರು, "ನನ್ನವಳು ಆವತ್ತು ಕಾರು ಹತ್ತುತ್ತಲೇ ಇರಲಿಲ್ಲ."

ಪೆಟ್ಟಿಗೆ ಅವಳ ಮಡಿಲಲ್ಲಿ ಒಡೆಯದೆಯೇ ಇತ್ತು. ಎಂಜಿನ್ ಸಣ್ಣಗೆ ಓಡುತ್ತಿತ್ತು. ಅವರ ಕನ್ನಡಕದ ಎರಡೂ ಗಾಜುಗಳಲ್ಲಿ ಚಿಕ್ಕದಾಗಿ ಹಳದಿ ಹೊಳೆಯುತ್ತಿತ್ತು. ಆರಿಸಲು ಅವರೂ ಕೈ ಚಾಚಲಿಲ್ಲ, ಅವಳೂ ಚಾಚಲಿಲ್ಲ.