ಮೈಕಪ್ಪನ ಮೇಲೆ ಪಂಪಾಪತಿಯ ತಕರಾರು

ಮಸ್ಕಿಯಲ್ಲಿ ಪಂಪಾಪತಿಯನ್ನು ಇವತ್ತಿಗೂ ‘ಮೆಂಬರ್ರು’ ಎಂದೇ ಕರೆಯುತ್ತಾರೆ. ಅವನು ಒಂದು ಸಲ ವಾರ್ಡಿನ ಸದಸ್ಯನಾಗಿದ್ದ; ಮತ್ತೆ ನಿಂತಾಗ ಹನ್ನೊಂದು ಓಟಿನಿಂದ ಸೋತ. ಆ ಹನ್ನೊಂದು ಮಂದಿ ಯಾರೆಂದು ಅವನಿಗೆ ಅನುಮಾನವಿದೆ, ಅದರಲ್ಲಿ ಮನೆಯವರೂ ಇಬ್ಬರಿದ್ದಾರೆ. ಸೋತರೂ ಬಿಳಿ ಅಂಗಿ ಬಿಡಲಿಲ್ಲ. ಎಲ್ಲಿ ಶಾಮಿಯಾನ ಹಾಕಿದರೂ ಕರೆಯದೆಯೇ ಹೋಗಿ ಮುಂದಿನ ಸಾಲಿನಲ್ಲಿ ಕೂರುವುದನ್ನೂ ಬಿಡಲಿಲ್ಲ.

ಸಿಂಧನೂರಿನ ಕೇಬಲ್ ವಾಹಿನಿಯೊಂದರಲ್ಲಿ ಪ್ರತಿ ರವಿವಾರ ಸಂಜೆ ‘ಮೈಕಪ್ಪನ ದರಬಾರು’ ಎಂಬ ನಗೆ ಧಾರಾವಾಹಿ ಬರುತ್ತಿತ್ತು. ಮೈಕಪ್ಪ ಒಬ್ಬ ಪುಢಾರಿ. "ಎರಡೇ ಮಾತು ಹೇಳಿ ಮುಗಸ್ತೀನಿ" ಎಂದು ಶುರುಮಾಡಿದನೆಂದರೆ ಶಾಮಿಯಾನದವರು ಬಂದು ಕುರ್ಚಿ ಎತ್ತಿಕೊಂಡು ಹೋದರೂ ಮುಗಿಸುತ್ತಿರಲಿಲ್ಲ. ಆ ರವಿವಾರದ ಕಂತಿನಲ್ಲಿ ಮೈಕಪ್ಪ ಬಸ್ ತಂಗುದಾಣದ ಉದ್ಘಾಟನೆಗೆ ಹೊರಟ. ಯಾರೂ ಹಾರ ತರಲಿಕ್ಕಿಲ್ಲವೆಂದು ತಾನೇ ಒಂದು ಕೊಂಡು ಚೀಲದಲ್ಲಿಟ್ಟುಕೊಂಡ. ಸಭೆಯಲ್ಲಿ ಅದನ್ನು ಮೆಲ್ಲಗೆ ಒಬ್ಬನ ಕೈಗೆ ದಾಟಿಸಿ, "ಬ್ಯಾಡ ಬ್ಯಾಡ, ಇದೆಲ್ಲ ಯಾಕ್ರೀ" ಎನ್ನುತ್ತ ಕೊರಳು ಬಗ್ಗಿಸಿದ.

ಪಂಪಾಪತಿಯ ಹೆಂಡತಿ ಶಿವಕುಮಾರಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಥೇಟ್ ನೀವೇ ನೋಡ್ರಿ!"

ಪಂಪಾಪತಿ ನಗಲಿಲ್ಲ. ನೀರಿನ ಟ್ಯಾಂಕಿನ ಉದ್ಘಾಟನೆಯಲ್ಲಿ ಅವನು ಮಾಡಿದ್ದೂ ಅದನ್ನೇ. ಹಾರವನ್ನು ಕಿರಾಣಿ ಅಂಗಡಿಯ ಅಮರಗುಂಡಪ್ಪನ ಕೈಗೆ ಕೊಟ್ಟಿದ್ದ. ಆ ಪುಣ್ಯಾತ್ಮ ಅದನ್ನು ಗುತ್ತಿಗೆದಾರನ ಕೊರಳಿಗೆ ಹಾಕಿಬಿಟ್ಟ. ಬಗ್ಗಿಸಿದ ತನ್ನ ಕೊರಳನ್ನು ಪಂಪಾಪತಿ, ಚಪ್ಪಲಿ ಸರಿಮಾಡಿಕೊಳ್ಳುವವನ ಹಾಗೆ, ಇನ್ನಷ್ಟು ಕೆಳಗೆ ಬಗ್ಗಿಸಬೇಕಾಯಿತು.

ಮರುದಿನ ಸಿಂಧನೂರಿನ ಬಸ್ ಹಿಡಿದ. ಅಕ್ಕಿ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಶೂಟಿಂಗಿನ ತಯಾರಿ ನಡೆದಿತ್ತು. ಧಾರಾವಾಹಿ ಬರೆಯುವ ಪದ್ಮಾವತಿ, ಕಾಲೇಜಿನ ಕನ್ನಡ ಉಪನ್ಯಾಸಕಿ, ಎದ್ದು ಕುರ್ಚಿ ಕೊಟ್ಟಳು.

"ಕುಂದರಾಕ ಬಂದಿಲ್ರಿ. ನನ್ನ ಇಜ್ಜತ್ ತೆಗದೀರಿ. ಆ ಮೈಕಪ್ಪ ನಾನೇ ಅಂತ ಊರಿಗೆಲ್ಲ ಗೊತ್ತಾಗ್ಯದ."

"ತಪ್ಪಾತ್ರಿ ಸರ್," ಎಂದಳು ಪದ್ಮಾವತಿ. "ತಾವು ಯಾರು?"

"ಪಂಪಾಪತಿ. ಮಸ್ಕಿ."

"ಯಾವ ಪಂಪಾಪತಿ?" ಅವಳು ಅಣಕಿಸುತ್ತಿರಲಿಲ್ಲ, ನಿಜವಾಗಿಯೂ ಗೊತ್ತಿರಲಿಲ್ಲ. ಕ್ಯಾಮೆರಾದವನ ಕಡೆ ತಿರುಗಿದಳು. "ಬಾಬುಸಾಬ್, ನಿಮಗ ಗೊತ್ತೇನ್ರಿ?"

"ನಮ್ಮಕ್ಕನ್ನ ಮಸ್ಕಿಗೇ ಕೊಟ್ಟೀವ್ರಿ ಮೇಡಂ," ಎಂದ ಬಾಬುಸಾಬ್. "ಈ ಹೆಸರು ಕೇಳಿಲ್ಲ."

ಬೈಯಲು ಬಂದಿದ್ದ ಪಂಪಾಪತಿ ಈಗ ಸಾಕ್ಷಿ ಹೇಳತೊಡಗಿದ. "ಅಲ್ರೀ, ಹಾರ ಒಯ್ದಾಂವ ನಾನ್ರೀ! ಚೆಂಡುಹೂವಿನ ಹಾರ, ನಾನೇ ಆರಿಸಿ ತಂದಿದ್ದೆ! ಬೇಕಂದ್ರ ನಮ್ಮ ಮನಿಯಾಕಿನ್ನ ಕೇಳ್ರಿ!"

"ಹಂಗ ಮಾಡೋರು ಭಾಳ ಮಂದಿ ಅದಾರ್ರಿ. ನಿನ್ನೆಯಿಂದ ಲಿಂಗಸುಗೂರಿನೋರು ಇಬ್ಬರು, ಪಾಮನಕಲ್ಲೂರಿನೋರು ಒಬ್ಬರು ಫೋನ್ ಮಾಡ್ಯಾರ. ಎಲ್ಲಾರೂ ತಾವೇ ಮೈಕಪ್ಪ ಅಂತಾರ. ನೀವು ನಾಲ್ಕನೇದೋರು."

ನಾಲ್ಕನೆಯವನು! ಚುನಾವಣೆಯಲ್ಲಿ ಉಳಿದಿದ್ದ ಠೇವಣಿ ಇದರಲ್ಲಿ ಹೋಯಿತಲ್ಲ ಎಂದುಕೊಂಡ ಪಂಪಾಪತಿಗೆ ತನ್ನ ಮೇಲೇ ನಗು ಬಂತು. ಕೊಟ್ಟ ಕುರ್ಚಿಯಲ್ಲಿ ಕುಳಿತ.

ಮೈಕಪ್ಪನ ಪಾತ್ರ ಮಾಡುವ ದುರುಗೇಶ ಬಸ್ ಕಂಡಕ್ಟರ್. ಡ್ಯೂಟಿ ಮುಗಿಸಿ ಇನ್ನೂ ಬಂದಿರಲಿಲ್ಲ. "ಅಷ್ಟು ಖರೇ ಅಂತೀರಂದ್ರ, ಇವತ್ತು ನೀವೇ ಮಾಡ್ರಲ್ಲ," ಎಂದಳು ಪದ್ಮಾವತಿ. ಪಂಪಾಪತಿ ಎರಡನೆಯ ಸಲ ಹೇಳಿಸಿಕೊಳ್ಳಲಿಲ್ಲ. ಕೂದಲು ನೇವರಿಸಿ ಮೈಕಿನ ಮುಂದೆ ನಿಂತ. "ಎರಡೇ ಮಾತು..." ಎಂದ. ಅಷ್ಟಕ್ಕೇ ನಿಲ್ಲಿಸಿ ನೀರು ಕೇಳಿದ. ಜೀವನದಲ್ಲಿ ಮೊದಲ ಸಲ ಅವನ ಭಾಷಣ ಎರಡೇ ಮಾತಿಗೆ ಮುಗಿದಿತ್ತು. ನೀರು ಕುಡಿಸಿ ಮತ್ತೆರಡು ಸಲ ಮಾಡಿಸಿದರು.

"ಸಿಟ್ಟಾಗಬ್ಯಾಡ್ರಿ ಸರ್," ಎಂದಳು ಪದ್ಮಾವತಿ. "ರಾಜಕೀಯದೋರು ಹಿಂಗ ಮಾತಾಡಂಗಿಲ್ಲ. ನೋಡೋರಿಗೆ ನಂಬಿಕಿ ಬರಂಗಿಲ್ಲ."

ಅಷ್ಟರಲ್ಲಿ ದುರುಗೇಶ ಓಡುತ್ತ ಬಂದ. ಅವನ ಬಿಳಿ ಅಂಗಿ ಮನೆಯಲ್ಲೇ ಉಳಿದಿತ್ತು. ಎಲ್ಲರೂ ಪಂಪಾಪತಿಯ ಅಂಗಿ ನೋಡಿದರು. ಅವನು ಬಿಚ್ಚಿಕೊಟ್ಟು ದುರುಗೇಶನ ಖಾಕಿ ಅಂಗಿ ತೊಟ್ಟ. ಸಭಿಕರ ಸಾಲಿನಲ್ಲಿ, ಭಾಷಣಕ್ಕೆ ನಿದ್ದೆ ಹೋಗುವ ಮನುಷ್ಯನ ಪಾತ್ರ ಅವನಿಗೆ ಸಿಕ್ಕಿತು.

ದುರುಗೇಶ ಮಾತು ಶುರುಮಾಡಿದ. ರಸ್ತೆ, ಚರಂಡಿ, ಕಾಲುವೆ, ತನ್ನ ಬಡತನದ ಬಾಲ್ಯ, ಮತ್ತೆ ಚರಂಡಿ. ಇವನು ಯಾವಾಗ ಮುಗಿಸುತ್ತಾನೋ ಮಾರಾಯ ಎನ್ನಿಸಿತು ಪಂಪಾಪತಿಗೆ. ಇಷ್ಟು ವರ್ಷ ತನ್ನೆದುರು ಕುಳಿತವರೆಲ್ಲ ಹೀಗೇ ಅಂದುಕೊಂಡಿರಬೇಕೆಂದು ಹೊಳೆದು, ಅವರ ಬಗ್ಗೆ ದೊಡ್ಡ ಗೌರವ ಮೂಡಿತು. ಆ ಗೌರವದಲ್ಲೇ ಕಣ್ಣು ಮುಚ್ಚಿದ. ಬಾಬುಸಾಬ್ ಬಂದು ಭುಜ ಅಲುಗಿಸಿದಾಗ ಶೂಟಿಂಗ್ ಮುಗಿದು ಚಹಾ ಬಂದಿತ್ತು.

ಮುಂದಿನ ರವಿವಾರ ಬಾಯಿ ತೆರೆದು ಗೊರಕೆ ಹೊಡೆಯುವ ಪಂಪಾಪತಿಯನ್ನು ಮೂರು ತಾಲೂಕಿನ ಜನ ನೋಡಿದರು. "ಇದು ಮಾತ್ರ ಪಕ್ಕಾ ನೀವೇ," ಎಂದಳು ಶಿವಕುಮಾರಿ, ಕಣ್ಣೀರು ಒರೆಸಿಕೊಳ್ಳುತ್ತ. ಈ ಸಲ ಅವನೂ ನಕ್ಕ.

ಕೆಲವು ದಿನಗಳ ಮೇಲೆ ಲಿಂಗಸುಗೂರಿನ ಬಸ್ಸಿನಲ್ಲಿ ನಿಂತಿದ್ದ ಒಬ್ಬಾಕೆ ಅವನನ್ನೇ ದಿಟ್ಟಿಸಿ ನೋಡಿ ಕೇಳಿದಳು: "ಯಣ್ಣಾ, ಟೀವ್ಯಾಗ ಮಲಗಿದ್ದಾಂವ ನೀನೇ ಅಲ್ಲೇನು?"

"ಹೌದವ್ವಾ, ನಾನೇ," ಎಂದು ಪಂಪಾಪತಿ ಸರಿದು ಅವಳಿಗೆ ಜಾಗ ಮಾಡಿಕೊಟ್ಟ. ತಾನೊಬ್ಬ ಮಾಜಿ ಸದಸ್ಯನೆಂದು ಹೇಳುವುದು ಮರೆತೇಹೋಗಿತ್ತೆಂಬುದು ಅವನಿಗೆ ನೆನಪಾದದ್ದು ಬಸ್ ಇಳಿದ ಮೇಲೆ.